ಗಾಜಿಗೆ ಹಚ್ಚಿದ ಎಸಳು

ಮೊದಲು ಆ ಕೋಣೆಯನ್ನು ಹೇಳಿಬಿಡುತ್ತೇನೆ. ಎರಡು ಮಂಚ. ನಡುವೆ ಸಣ್ಣ ಮೇಜು, ಅದರ ಅಂಚಿಗೆ ಸ್ವಿಚ್ಚುಗಳ ಸಾಲು. ಬಿಸಿನೀರಿನ ಕೆಟಲ್, ಕಾಗದದಲ್ಲಿ ಸುತ್ತಿಟ್ಟ ತೆಳ್ಳನೆಯ ಚಪ್ಪಲಿ, ತೆರೆಯಲು ಬಾರದ ಕಿಟಕಿ. ಕಿಟಕಿಯ ಆಚೆ ಇದೇ ತರಹದ ಇನ್ನೊಂದು ಕಟ್ಟಡ.

ಬರೆದು ಓದಿದರೆ ಇದು ಎಲ್ಲಿಯ ಹೋಟೆಲಾದರೂ ಆಗಬಹುದು ಅನಿಸುತ್ತದೆ. ನಾನು ಆಮೇಲೆ ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಹೋದಾಗ ಉಳಿದ ಲಾಡ್ಜಿನ ಮಂಚ ಇದರೊಳಗೆ ನುಸುಳಿರಬಹುದು. ಚಪ್ಪಲಿ ಬಿಳಿಯದಿತ್ತೋ ನೀಲಿಯದಿತ್ತೋ ಎಂದು ಅಣ್ಣನನ್ನು ಕೇಳಿದರೆ, ಚಪ್ಪಲಿಯೇ ಇರಲಿಲ್ಲ ಎನ್ನುತ್ತಾನೆ. ಇಬ್ಬರಿಗೂ ಖಾತ್ರಿ ಇರುವುದು ಒಂದೇ: ಸ್ನಾನದ ಮನೆಗೂ ಮಂಚಕ್ಕೂ ನಡುವೆ ಇದ್ದ ಗೋಡೆ ಗಾಜಿನದು. ನೆಲದಿಂದ ತಾರಸಿಯವರೆಗೆ ಗಾಜು. ಒಳಗೆ ನಿಂತವನು ಹೊರಗಿನವನಿಗೆ ಕಾಣುತ್ತಾನೆ, ಹೊರಗೆ ಮಲಗಿದವನು ಒಳಗಿನವನಿಗೆ ಕಾಣುತ್ತಾನೆ.

ನಾವು ಚೀನಾಕ್ಕೆ ಹೋದದ್ದು ಐಸ್ ಮಾಡುವ ಯಂತ್ರ ನೋಡಲು. ಅಣ್ಣನದು ಕಾರವಾರದ ಬಂದರಿನಲ್ಲಿ ದೋಣಿ. ದೊಡ್ಡ ದೊಡ್ಡ ಗಡ್ಡೆಯನ್ನು ಒಡೆದು ಮೀನಿಗೆ ಹಾಕುವ ಬದಲು, ಮೊದಲೇ ತೆಳ್ಳಗೆ ಹಪ್ಪಳದ ಚೂರಿನ ಹಾಗೆ ಬೀಳುವ ಐಸ್ ಮಾಡುವ ಯಂತ್ರ ಇದೆಯೆಂದು ಯಾರೋ ಅವನ ತಲೆಗೆ ಹಾಕಿದ್ದರು. ನಾನು ಅಂಕೋಲೆಯಲ್ಲಿ ಪಾಠ ಹೇಳುವವನು. ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಎಳೆದುಕೊಂಡು ಹೋದ. ಅಲ್ಲಿ ಹೋದ ಮೇಲೆ ನನ್ನ ಇಂಗ್ಲಿಷಿನ ಅಗತ್ಯ ಯಾರಿಗೂ ಬೀಳಲಿಲ್ಲ. ಹೋಟೆಲಿನ ರಿಸೆಪ್ಶನ್ನಿನ ಹುಡುಗಿ ತನ್ನ ಫೋನಿಗೆ ಏನೋ ಹೇಳುತ್ತಿದ್ದಳು, ಫೋನು ಅದನ್ನು ಹಿಂದಿಯಲ್ಲಿ ಹೇಳುತ್ತಿತ್ತು. ರೇಡಿಯೋದಲ್ಲಿ ವಾರ್ತೆ ಓದುವವರ ಹಿಂದಿ.

“ನಿನಗಿಂತ ಆ ಫೋನ್ ಬೇಕು ತಮಾ,” ಎಂದ ಅಣ್ಣ. “ಅದಕ್ಕೆ ಟಿಕೇಟೂ ಬೇಡ, ಊಟಾನೂ ಬೇಡ.”

ಮೊದಲ ದಿನ ಗಾಜಿನ ಗೋಡೆ ನೋಡಿ ಅವನು ಬಾಗಿಲಲ್ಲೇ ನಿಂತುಬಿಟ್ಟಿದ್ದ. “ಎಂಥಾ ಜನವಾ ಇವ್ರು? ಮೀನ್ ತೊಟ್ಟೀಲಿ ಇಟ್ಟಾಂಗೆ ನಮ್ಮನ್ನ ಇಡ್ತ್ರಾ?” ಎಂದು, ತನ್ನ ಪಂಚೆಯನ್ನೇ ಗಾಜಿನ ಮೇಲಂಚಿಗೆ ಸಿಕ್ಕಿಸಲು ನೋಡಿದ. ಅದು ನಿಲ್ಲಲಿಲ್ಲ. ಕೊನೆಗೆ ಒಬ್ಬರು ಸ್ನಾನಕ್ಕೆ ಹೋದಾಗ ಇನ್ನೊಬ್ಬರು ಕಿಟಕಿಯ ಕಡೆ ಮುಖ ಮಾಡಿ ಕೂರುವುದು ಎಂದು ಒಪ್ಪಂದವಾಯಿತು. ಆ ಗಾಜಿಗೆ ಮೇಲಿನಿಂದ ಇಳಿಯುವ ಪರದೆ ಇತ್ತು, ಅದರ ಸ್ವಿಚ್ಚು ಮಂಚದ ಪಕ್ಕದ ಸಾಲಿನಲ್ಲೇ ಇತ್ತು ಎಂದು ಗೊತ್ತಾದದ್ದು ಕೋಣೆ ಬಿಡುವ ದಿನ. ಇದನ್ನು ನೆನಪಿಡಿ ಎಂದು ಹೇಳುತ್ತಿಲ್ಲ. ಆದರೆ ಆ ಪರದೆ ಮೊದಲೇ ಇಳಿದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಬೆಳಗಿನ ತಿಂಡಿ ಕೆಳಗಿನ ಹಾಲ್‌ನಲ್ಲಿ. ಕೋಟು ಹಾಕಿದ ವ್ಯಾಪಾರಿಗಳು ಫೋನ್ ನೋಡುತ್ತ ತಟ್ಟೆ ಹಿಡಿದು ಸಾಲಾಗಿ ನಡೆಯುತ್ತಿದ್ದರು. ಆವಿಯಲ್ಲಿ ಬೇಯಿಸಿದ ಬಿಳಿ ಬನ್ನು, ಕಪ್ಪು ನೀರಿನಲ್ಲಿ ಬೆಂದ ಮೊಟ್ಟೆ. ಕೊನೆಯಲ್ಲಿ ಒಂದು ದೊಡ್ಡ ಪಾತ್ರೆ, ಮುಚ್ಚಳ ತೆಗೆದರೆ ಗಂಜಿ. ನಮ್ಮದೇ ಗಂಜಿ. ಪಕ್ಕದ ಬಟ್ಟಲಲ್ಲಿ ಉಪ್ಪಿಗೆ ಹಾಕಿದ ತರಕಾರಿ, ಹುರಿದ ಶೇಂಗಾ, ಬೆರಳುದ್ದದ ಒಣ ಮೀನು. ಅಣ್ಣ ಎರಡು ಬಟ್ಟಲು ಕುಡಿದು, “ಆಯಿಗೆ ಹೇಳ್ಬೇಕು ಮಾರಾಯಾ,” ಎಂದ. “ಹಾವು ಚೇಳು ತಿನ್ನಿಸ್ತ್ರು ಅಂತಿದ್ಳಲ್ಲ. ಇಲ್ಲಿ ನೋಡದ್ರೆ ಅವಳದೇ ಗಂಜಿ.”

ಊರಲ್ಲಿದ್ದ ಅಮ್ಮನಿಗೆ ಅದನ್ನು ಹೇಳಲು ಆಗಲಿಲ್ಲ. ಹೋಟೆಲಿನ ವೈಫೈಯಲ್ಲಿ ನಮ್ಮ ವಾಟ್ಸಾಪ್ ನಡೆಯುತ್ತಿರಲಿಲ್ಲ. ಅಣ್ಣನ ಫೋನಿಗೆ ಹಾಕಿಸಿಕೊಂಡ ರೋಮಿಂಗ್ ಮಾತಿಗೆ ಮಾತ್ರ. ತುರ್ತಿದ್ದರೆ ಮಾತ್ರ ಫೋನ್ ಮಾಡಿ ಎಂದು ಮನೆಯಲ್ಲಿ ಹೇಳಿ ಬಂದಿದ್ದೆವು.

ಫೋನು ಬಂತು. ಮರುದಿನವೋ ಅದರ ಮರುದಿನವೋ. ತಿಂಡಿಗೆ ಇಳಿಯಲು ನಾನು ಬಾಗಿಲು ತೆರೆದಿದ್ದೆ. ಅಲ್ಲಿ ಬೆಳಗಾಗಿತ್ತು, ನಮ್ಮ ಕಡೆ ಇನ್ನೂ ಬೆಳಕು ಹರಿದಿರಲಿಲ್ಲ. ಮಾತಾಡಿದ್ದು ಅಕ್ಕ. ಅಕ್ಕನನ್ನು ಚಿತ್ತಾಕುಲಕ್ಕೆ ಕೊಟ್ಟದ್ದು. ಆಯಿ ಇರುವುದು ಅಮದಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ. ಈ ಹೊತ್ತಿನಲ್ಲಿ ಅಕ್ಕನ ದನಿ ಕೇಳಿದ್ದೇ ಅಣ್ಣ ಮಂಚದ ಮೇಲೆ ಕುಳಿತ, ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಹಿಡಿದ.

“ಅಣಾ, ಆಯಿ ಬಿದ್ಳು.”

“ಎಲ್ಲಿ?”

“ಹಿತ್ಲಲ್ಲಿ. ನಿನ್ನೆ ಸಂಜೆಗೆ. ಮೀನ್ ತೊಳೂಕೆ ಕೂತಿದ್ಳಂತೆ, ಕೂತಲ್ಲೇ ಹೊರಳ್ಕಂಡ್ಳು. ತಲೇಲಿ ರಕ್ತ ಒಡದದೆ ಅಂತ್ರು. ಕಾರವಾರದಲ್ಲಿ ಆಗೂದಿಲ್ಲ ಅಂದ್ರು. ಆಂಬುಲೆನ್ಸಲ್ಲಿ ಹಾಕ್ಕಂಡ್ ದೊಡ್ಡ ಆಸ್ಪತ್ರೆಗೆ ಬಂದಿವು, ನಾನೂ ನಮ್ಮನೆಯವ್ರೂ.”

ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಜಿಲ್ಲೆಯ ಹೊರಗಿನದು. ಇದನ್ನು ವಿವರಿಸಬೇಕಾಗಿಲ್ಲ.

“ಈಗ ಹೆಂಗಿದ್ಳು?”

“ಕಣ್ಣು ಬಿಡೂದಿಲ್ಲ. ಡಾಕ್ಟ್ರು ಹೇಳ್ತ್ರು, ಆಪರೇಶನ್ ಮಾಡ್ದ್ರೆ ಉಳದ್ರೂ ಉಳೀಬೋದು, ಆದ್ರೆ ಮೊದ್ಲಿನ ಹಾಂಗೆ ಆಗೂದಿಲ್ಲ. ಮಾತು ಬರೂದು ಕಷ್ಟ. ಮಾಡ್ದೇ ಇದ್ರೆ ಒಂದೆರಡು ದಿನ. ಮನೆಗೆ ಕರ್ಕಂಡ್ ಹೋಗೂದಾದ್ರೂ ಹೋಗಿ ಅಂದ್ರು. ಬೆಳಕಾದ ಮೇಲೆ ಬತ್ರು ಅವ್ರು. ಆಗ ಹೇಳ್ಬೇಕು.”

“ನೀ ಎಂತ ಹೇಳ್ದೆ?”

“ನಾ ಎಂತ ಹೇಳ್ಲಿ? ನೀ ದೊಡ್ಡವ. ನೀ ಹೇಳು.”

ಫೋನು ಇಟ್ಟ ಮೇಲೆ ಅಣ್ಣ ನನ್ನನ್ನು ನೋಡಲಿಲ್ಲ. ಆಯಿಯ ಮಾತು ಎಂದರೆ ಏನು ಎಂದು ಆಗ ಇಬ್ಬರೂ ಯೋಚಿಸುತ್ತಿದ್ದೆವು ಎಂದುಕೊಳ್ಳುತ್ತೇನೆ. ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಕಾರವಾರದ ಪೇಟೆಗೆ ಹೋಗಿ ಕೂರುತ್ತಿದ್ದ ಹೆಂಗಸು. ಮೀನು ಮುಟ್ಟಿ ನೋಡಿ ಸುಮ್ಮನೆ ಹೋಗುವ ಗಿರಾಕಿಗೆ, “ಬಾಯೀ, ಕೆನ್ನೆ ಸವರಿ ಬಿಟ್ಟು ಹೋಗೂಕೆ ಅದೇನು ನಿಮ್ಮ ಅಳಿಯನಾ?” ಎಂದು ಇಡೀ ಪೇಟೆಗೆ ಕೇಳುವ ಹಾಗೆ ಹೇಳುತ್ತಿದ್ದವಳು. ಮಾತಿಲ್ಲದ ಆಯಿಯನ್ನು ಯೋಚಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

“ಪಕ್ಕದ ಮನೆಯವ್ಳು ಹಾಸಿಗೆ ಹಿಡದಾಗ ಆಯಿ ಎಂತ ಹೇಳಿದ್ಳು, ನೆನಪದ್ಯಾ?” ಎಂದ ಅಣ್ಣ. “ನನ್ನನ್ನ ಹೀಂಗೆ ಮಲಗ್ಸಬೇಡಿ ಅಂದಿದ್ಳು.”

ನನಗೆ ನೆನಪಿದ್ದದ್ದು ಬೇರೆ. ನಾವು ಹೊರಡುವ ದಿನ ಆಯಿ ಮೆಟ್ಟಿಲ ಮೇಲೆ ಕುಳಿತು, ಅಣ್ಣನ ಮಗಳ ಮದುವೆ ನೋಡದೆ ತಾನು ಎಲ್ಲಿಗೂ ಹೋಗುವವಳಲ್ಲ ಎಂದಿದ್ದಳು. ಹೇಳಿದೆ.

“ಅದು ಸುಮ್ನೆ ಹೇಳೂ ಮಾತು.”

“ಇದೂ ಸುಮ್ನೆ ಹೇಳೂ ಮಾತೇ ಅಣಾ.”

ಈಗ ನನಗೆ ಎರಡೂ ಮಾತಿನ ಮೇಲೆ ಸಂಶಯ. ಮನುಷ್ಯ ತನಗೆ ಬೇಕಾದ ಕಡೆಗೆ ವಾಲಿದ ಮೇಲೆ ಅದಕ್ಕೆ ಒತ್ತಾಸೆಯಾಗಿ ಒಂದು ನೆನಪನ್ನು ತಂದು ನಿಲ್ಲಿಸುತ್ತಾನೆ. ಅಣ್ಣ ಬೇಡದ ಕಡೆಗೆ ವಾಲಿದ್ದ, ನಾನು ಬೇಕಿನ ಕಡೆಗೆ. ಅಷ್ಟು ಮಾತ್ರ ನಿಜ.

“ಪ್ರಸಾದ ಹಚ್ಚಿ ನೋಡ್ಬೇಕು,” ಎಂದ.

ನಮ್ಮಲ್ಲಿ ಹೊಸ ದೋಣಿಗೂ ಹೆಣ್ಣು ಕೊಡುವುದಕ್ಕೂ ಬಾವಿ ತೆಗೆಯುವುದಕ್ಕೂ ದೇವರನ್ನು ಕೇಳುತ್ತಾರೆ. ಗುಡಿಯ ಪೂಜೆ ಮಾಡುವ ಗುನಗ ಹೂವಿನ ಎರಡು ಎಸಳನ್ನು ನೀರಿನಲ್ಲಿ ಅದ್ದಿ ದೇವರ ಕಲ್ಲಿಗೆ ಹಚ್ಚುತ್ತಾನೆ, ಬಲಕ್ಕೊಂದು, ಎಡಕ್ಕೊಂದು. ಪ್ರಶ್ನೆ ಹೇಳುತ್ತಾನೆ. ಎಲ್ಲರೂ ಕಾಯುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಮೊದಲು ಬಿದ್ದರೆ ಬೇಡ ಎಂದು. ಬಲ ಎಂದರೆ ದೇವರ ಬಲ, ಎದುರು ನಿಂತು ನೋಡುವವನದಲ್ಲ. ಒಂದು ಪ್ರಶ್ನೆಯನ್ನು ಒಂದೇ ಸಲ ಕೇಳಬೇಕು. ಉತ್ತರ ಸೇರಲಿಲ್ಲವೆಂದು ಮತ್ತೆ ಹಚ್ಚುವ ಹಾಗಿಲ್ಲ.

ಅಣ್ಣ ಗುನಗನಿಗೆ ಫೋನು ಮಾಡಿದ. ಅವನ ಫೋನು ಬಂದ್ ಇತ್ತು. ತೆರೆದಿದ್ದರೂ ಪ್ರಯೋಜನವಿರಲಿಲ್ಲ. ಗುಡಿ ತೆರೆದು, ಪೂಜೆಯಾಗಿ, ಪ್ರಸಾದ ಹಚ್ಚುವಷ್ಟರಲ್ಲಿ ಡಾಕ್ಟರು ಬಂದು ಹೋಗಿರುತ್ತಿದ್ದರು.

“ಇಲ್ಲೇ ಹಚ್ವ,” ಎಂದ ಅಣ್ಣ.

ನಾನು ನಕ್ಕೆನೋ ಏನೋ. ಅವನು ಸಿಟ್ಟಾದ.

“ಎಂತಕೆ ನಗ್ತೆ? ನೇವಿಯವ್ರಿಗೆ ಊರು ಬಿಟ್ಟು ಬಂದಾಗ ದೇವ್ರಿಗೆ ಗುಡಿ ಇತ್ತಾ? ತಾಡಪತ್ರಿ ಕೆಳಗೆ ಕಲ್ಲು ಇಟ್ಕಂಡಿದ್ವು. ಬಾಪಾ ಅಲ್ಲೇ ಪ್ರಸಾದ ಹಚ್ಸಿದ್ದ. ಅಮದಳ್ಳೀಲಿ ಮನೆ ಕಟ್ಟೂದಾ ಬೇಡ್ವಾ ಅಂತ. ಬೀಳ್ಲಿಲ್ವಾ ಎಸಳು?”

ಬಿದ್ದಿತ್ತು. ಅಪ್ಪನ ಪಕ್ಕ ನಿಂತು ನಾನೂ ನೋಡಿದ್ದೆ. ಅಥವಾ ಎಷ್ಟು ಸಲ ಕೇಳಿದ್ದೆನೆಂದರೆ ನೋಡಿದಷ್ಟೇ ಆಗಿತ್ತು. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮನೆಗಳವರು ದೇವರನ್ನೂ ಹೊತ್ತುಕೊಂಡು ಬಂದವರು. ದೇವರು ಒಂದು ಜಾಗಕ್ಕೆ ಅಂಟಿಕೊಂಡವನಲ್ಲ ಎಂದು ಅಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೂವಿಗಾಗಿ ಲಿಫ್ಟಿನಲ್ಲಿ ಕೆಳಗೆ ಇಳಿದೆವು. ಲಿಫ್ಟಿನಲ್ಲಿ ನಮ್ಮ ಜೊತೆ ಒಂದು ರೋಬೋ ಇತ್ತು, ಯಾವುದೋ ಕೋಣೆಗೆ ನೀರಿನ ಬಾಟಲಿ ಕೊಟ್ಟು ಇಳಿಯುತ್ತಿದ್ದದ್ದು. ಸೊಂಟದೆತ್ತರದ ಡಬ್ಬಿ. ಬಾಗಿಲು ತೆರೆದಾಗ ಅದು ಚೀನೀ ಭಾಷೆಯಲ್ಲಿ ಏನೋ ಹೇಳಿತು. ಅಣ್ಣ ಅದಕ್ಕೆ ದಾರಿ ಬಿಟ್ಟು ನಿಂತ.

ಲಾಬಿಯ ಗೋಡೆಯಲ್ಲಿ ಬೇರೆ ಬೇರೆ ಊರಿನ ಗಡಿಯಾರಗಳು. ನಮ್ಮದು ಇರಲಿಲ್ಲ. ಮೂಲೆಯಲ್ಲಿ ಕೆಂಪು ಮುಖದ, ಉದ್ದ ಗಡ್ಡದ ದೇವರ ಒಂದು ಸಣ್ಣ ಗೂಡು. ಮುಂದೆ ಕಿತ್ತಳೆ, ಊದಿನಕಡ್ಡಿ, ನೇರಳೆ ಬಣ್ಣದ ಆರ್ಕಿಡ್ ಹೂವು. ಅಣ್ಣ ರಿಸೆಪ್ಶನ್ನಿನ ಹುಡುಗಿಗೆ ಕೈಯಿಂದ ಹೂವಿನ ಆಕಾರ ಮಾಡಿ ತೋರಿಸಿದ. ಅವಳು ಫೋನಿಗೆ ಹೇಳಿದಳು. ಹೂವು ಯಾಕೆ ಬೇಕು ಎಂದು ಫೋನು ಹಿಂದಿಯಲ್ಲಿ ಕೇಳಿತು.

“ಮಾ ಬೀಮಾರ್ ಹೈ,” ಎಂದ ಅಣ್ಣ. ಅಷ್ಟಕ್ಕೆ ಅವನ ದನಿ ಒಡೆಯಿತು. ಫೋನಿಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದಿತು. ಇನ್ನೊಮ್ಮೆ ಹೇಳಿದ.

ಈ ಸಲ ಅವಳಿಗೆ ತಿಳಿಯಿತು. ಮೇಜಿನ ಹಿಂದಿನಿಂದ ಎದ್ದು ಬಂದು ನೇರ ಆ ಗೂಡಿನ ಹತ್ತಿರ ಹೋಗಿ, ತಲೆಬಾಗಿ, ದೇವರ ಮುಂದಿನ ಹೂವನ್ನೇ ಎರಡೂ ಕೈಯಲ್ಲಿ ಎತ್ತಿ ಅಣ್ಣನ ಮುಂದೆ ಹಿಡಿದಳು. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಕೈಮುಗಿದು ತಲೆ ಅಲ್ಲಾಡಿಸಿದ.

“ಏರಿಸಿದ ಹೂ ಮತ್ತೆ ಏರ್ಸೂಕೆ ಬತ್ತಿಲ್ಲ, ತಮಾ. ಹೇಳು ಅವಳಿಗೆ.”

ಹೇಗೆ ಹೇಳಲಿ? ಫೋನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅದು ಚೀನಿಯಲ್ಲಿ ಏನು ಹೇಳಿತೋ ನನಗೆ ತಿಳಿಯದು. ಅವಳ ಮುಖ ಸಣ್ಣದಾಯಿತು. ಹೂವನ್ನು ಮರಳಿ ಅದೇ ಜಾಗದಲ್ಲಿಟ್ಟು, ಸರಿಯಾಗಿ ಕೂತಿತೋ ಎಂದು ನೋಡಿದಳು. ಆಮೇಲೆ ತಿಂಡಿಯ ಹಾಲಿಗೆ ಹೋಗಿ ಊಟದ ಮೇಜಿನ ಹೂದಾನಿಯಿಂದ ಅದೇ ಜಾತಿಯ ಒಂದು ಹೂವನ್ನು ಕಿತ್ತು ತಂದುಕೊಟ್ಟಳು. ಈ ಸಲ ಒಂದೇ ಕೈಯಲ್ಲಿ ಕೊಟ್ಟಳು. ಅವಳ ಮನಸ್ಸಿಗೆ ನೋವಾಗಿತ್ತು ಎಂದು ನಾನು ತಿಳಿದುಕೊಂಡಿದ್ದೇನೆ. ನನ್ನ ಊಹೆಯೂ ಇರಬಹುದು.

ಮೇಲೆ ಬಂದು ಅಣ್ಣ ಸ್ನಾನಕ್ಕೆ ಹೋದ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ನೀರು ನಿಂತ ಮೇಲೆ ಅವನು ಗಾಜನ್ನು ಬೆರಳಿನಿಂದ ಬಡಿದ. ಒದ್ದೆ ಪಂಚೆಯಲ್ಲಿ ಒಳಗೇ ನಿಂತಿದ್ದ.

“ಕಲ್ಲಿಲ್ಲ. ಗೋಡೆಗೆ ಬಣ್ಣದ ಕಾಗದ ಹಚ್ಚಿದ್ರು, ಅದರ ಮೇಲೆ ನಿಲ್ಲೂದಿಲ್ಲ,” ಎಂದ. ದನಿ ಗಾಜಿನ ಆಚೆಯಿಂದ ಮಂದವಾಗಿ ಬಂತು. “ಇದಕ್ಕೇ ಹಚ್ತೆ. ನೀ ಹೊರಗೇ ನಿಲ್ಲು. ನಿನ್ನ ಸ್ನಾನ ಆಗಿಲ್ಲ.”

ಎರಡು ಎಸಳನ್ನು ನೀರಿನಲ್ಲಿ ಅದ್ದಿ, ಎದೆಯೆತ್ತರಕ್ಕೆ, ಒಂದು ಮೊಳದ ಅಂತರದಲ್ಲಿ, ಒಳಬದಿಯಿಂದ ಗಾಜಿಗೆ ಹಚ್ಚಿದ. ಕೈಮುಗಿದು ಕಣ್ಣು ಮುಚ್ಚಿದ. ಗುನಗನ ಹಾಗೆ ಹೇಳಲು ನೋಡಿದ. “ದೇವಾ, ಜಾಗ ತಪ್ಪಿ ನಿಂತು ಕೇಳ್ತಿವು. ತಪ್ಪಿದ್ರೆ ಹೊಟ್ಟೇಲಿ ಹಾಕ್ಕ. ಆಯೀದು ಆಪರೇಶನ್ ಮಾಡ್ಸೂದಾದ್ರೆ ಬಲ ಕೊಡು. ಬೇಡಾದ್ರೆ ಎಡ ಕೊಡು.”

ನಾನು ಗಾಜಿನ ಈಚೆಗೆ ಅವನಿಗೆ ಎದುರಾಗಿ ನಿಂತಿದ್ದೆ. ನಮ್ಮಿಬ್ಬರ ನಡುವೆ ಎರಡು ನೇರಳೆ ಚುಕ್ಕೆ. ಒಳಗಿನ ಹಬೆಗೆ ಗಾಜು ಮಬ್ಬಾಗಿ, ಅಣ್ಣನ ಮುಖ ಕಾಣದೆ ಪಂಚೆಯ ಬಿಳಿ ಮಾತ್ರ ಕಾಣುತ್ತಿತ್ತು. ಎಸಳು ಬೀಳಲಿಲ್ಲ. ಕಲ್ಲಾದರೆ ಒಣಗುತ್ತದೆ, ಗಾಜು ಬೆವರುತ್ತಲೇ ಇತ್ತು. ಕಾರಿಡಾರಿನಲ್ಲಿ ಯಾರೋ ಸೂಟ್‌ಕೇಸ್ ಎಳೆದುಕೊಂಡು ಹೋದರು. ಅಣ್ಣನ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಗಾಜಿನ ಈಚೆಗೆ ಅದು ನನಗೆ ಕೇಳಿಸಿರಲಾರದು.

ಒಂದು ಎಸಳು ಮೆಲ್ಲಗೆ ಜಾರಿತು. ನಡುವೆ ಒಮ್ಮೆ ನಿಂತಿತು. ಆಮೇಲೆ ಬಿತ್ತು. ನನ್ನ ಬಲಗೈಯ ಕಡೆಯದು.

ಅಣ್ಣ ಬಾಗಿಲು ತೆರೆದು ಬಂದ. ಮುಖದಲ್ಲಿ ನೀರು. “ಎಡ ಬಿತ್ತು. ಬೇಡ ಅಂದ.”

“ಬಲ ಅಣಾ.”

“ಎಂತಾ ಬಲ? ನನ್ನ ಎಡಗೈ ಬದಿಯದು ಬಿತ್ತಲ್ಲ.”

“ದೇವ್ರ ಬಲ ಅಲ್ದಾ ನೋಡೂದು? ದೇವ್ರು ನಿಂಗೆ ಎದುರಾಗಿ ನಿಂತಿದ್ರೆ ಗಾಜಿನ ಈಚೆಗಾಯ್ತು. ಈಚೆಯಿಂದ ಅದು ಬಲ.”

“ಈಚೆಗೆ ನೀ ನಿಂತಿದ್ದೆ.”

“ಹೌದು.”

“ಹಾಂಗಾರೆ ನೀ ದೇವ್ರಾ?”

ಅವನು ನನ್ನ ಕಾಲಿನ ಕಡೆ ನೋಡಿದ.

“ಸ್ನಾನ ಮಾಡ್ದೇ, ಕಾಲಿಗೆ ಚಪ್ಪಲಿ ಸಿಕ್ಕಸ್ಕಂಡಿದ್ದೆ ನೀನು. ನಿನ್ನ ಬದಿಗೆ ಅವ್ನು ಹೆಂಗೆ ಬತ್ತಾನ? ನಾ ಮಡಿಯಲ್ಲಿ ನಿಂತು ಕರ್ದೆ. ನನ್ನ ಬದಿಗೇ ಬಂದಿರೂದು.”

“ನಿನ್ನ ಬದಿಗೆ ಕಮೋಡ್ ಅದೆ ಅಣಾ.”

ಅವನು ಹಿಂದೆ ತಿರುಗಿ ನೋಡಿದ. ಕಮೋಡು ಬೆಳ್ಳಗೆ, ಮುಚ್ಚಳ ತೆರೆದುಕೊಂಡು ಕೂತಿತ್ತು. ಅಣ್ಣ ಮಂಚದ ತುದಿಗೆ, ಒದ್ದೆ ಪಂಚೆಯಲ್ಲೇ ಕುಳಿತ. ಗುಡಿಯಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಕಲ್ಲಿಗೆ ಒಂದು ಮುಖ, ಒಂದು ಬೆನ್ನು ಇರುತ್ತದೆ. ಬೆನ್ನ ಹಿಂದೆ ಗೋಡೆ ಇರುತ್ತದೆ. ಗಾಜಿಗೆ ಬೆನ್ನೇ ಇಲ್ಲವೆಂಬುದು ಹಚ್ಚುವಾಗ ಇಬ್ಬರಿಗೂ ಹೊಳೆಯಲಿಲ್ಲ. ಮತ್ತೆ ಕೇಳುವ ಹಾಗಿಲ್ಲ. ಇನ್ನೊಂದು ಎಸಳು ಅಲ್ಲೇ ಅಂಟಿಕೊಂಡಿತ್ತು.

ಫೋನು ಹೊಡೆದುಕೊಂಡಿತು.

ಇಲ್ಲಿಂದ ಮುಂದಿನದನ್ನು ನಾನು ಹಲವು ಸಲ ಬರೆದಿದ್ದೇನೆ. ಒಂದು ಸಲವಂತೂ ನಾನು ಒಳಗೆ ಒದ್ದೆ ಪಂಚೆಯಲ್ಲಿ, ಅಣ್ಣ ಹೊರಗೆ. ಬರೆದು ಮುಗಿಸುವವರೆಗೆ ತಪ್ಪು ಗೊತ್ತಾಗಲಿಲ್ಲ.

ನನಗೆ ನೆನಪಿರುವುದು ಹೀಗೆ: ಅಕ್ಕ, “ಅಣಾ, ಡಾಕ್ಟ್ರು ಇಲ್ಲೇ ನಿಂತಿದ್ರು. ಎಂತ ಹೇಳ್ಲಿ?” ಎಂದಳು. ಅಣ್ಣ ಗಾಜಿನ ಮೇಲೆ ಉಳಿದ ಎಸಳನ್ನು ನೋಡುತ್ತ, “ಮಾಡ್ಸು,” ಎಂದ.

ಅಣ್ಣನ ನೆನಪು: ಅವನಿಗೆ ಬಾಯಿ ಬರಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟ. ನಾನು “ಮಾಡ್ಸು” ಎಂದೆ.

ಅಕ್ಕನ ನೆನಪು: ಆ ಕಡೆಯಿಂದ ಯಾರೂ ಏನೂ ಹೇಳಲಿಲ್ಲ. ನೀರು ತೊಟ್ಟಿಕ್ಕುವ ಸದ್ದು ಕೇಳಿತು. ಡಾಕ್ಟರು ಕೈಗಡಿಯಾರ ನೋಡಿದರು. ಅವಳೇ “ಹೂಂ, ಮಾಡಿ” ಎಂದಳು.

ಯಾರು ಹೇಳಿದರೂ ಮಾಡಿದರು. ಯಂತ್ರದ ಕಾರ್ಖಾನೆಯವರಿಗೆ ಬರುವುದಿಲ್ಲವೆಂದು ತಿಳಿಸಿ ನಾವು ಟಿಕೇಟು ಬದಲಿಸಿಕೊಂಡು ಹೊರಟೆವು. ಹೊರಡುವಾಗ ದೀಪ ಆರಿಸಲು ಮಂಚದ ಪಕ್ಕದ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದೆ. ಸದ್ದಿಲ್ಲದೆ ಗಾಜಿನ ಮೇಲೆ ಪರದೆ ಇಳಿಯಿತು. ಎಸಳು ಅದರ ಹಿಂದೆ ಹೋಯಿತು. ಅಣ್ಣ ಅದನ್ನು ನೋಡಿ ಬ್ಯಾಗು ಹೆಗಲಿಗೇರಿಸಿದ. ಕೆಳಗೆ ಆ ಹುಡುಗಿ ಇರಲಿಲ್ಲ. ಪಾಳಿ ಮುಗಿದಿತ್ತೋ ಏನೋ.

ಆಯಿ ಉಳಿದಳು. ಬಲಗೈ, ಬಲಗಾಲು ಹೋದವು. ಬಲಬದಿಯ ನೋಟವೂ ಹೋಯಿತು. ಆ ಬದಿಗೆ ನಿಂತವರು ಅವಳ ಪಾಲಿಗೆ ಇಲ್ಲವೇ ಇಲ್ಲ. ಮಾತು ಬರಲಿಲ್ಲ. ಅಮದಳ್ಳಿಯ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದರು. ಅಣ್ಣನ ಹೆಂಡತಿ, ನಮ್ಮ ವೈನಿ, ಗಂಜಿಯ ತಿಳಿಯನ್ನು ಚಮಚದಲ್ಲಿ ಬಿಡುತ್ತಿದ್ದಳು. ರಸ್ತೆಯಲ್ಲಿ ಮೀನಿನವಳು ಕೂಗಿಕೊಂಡು ಹೋದರೆ ಆಯಿಯ ಎಡಗೈ ಹಾಸಿಗೆಯ ಮೇಲೆ ಅಲ್ಲಾಡುತ್ತಿತ್ತು.

ಮೊದಲ ತಿಂಗಳುಗಳಲ್ಲಿ ಅವಳು ನೋವಿಗೆ ನರಳುವುದನ್ನು ಕೇಳಿ ಮೂವರೂ ಆ ಮಾತನ್ನು ಒಬ್ಬರ ಮೇಲೊಬ್ಬರು ಹಾಕಿದೆವು. “ನೀನೇ ಅಲ್ದಾ ಮಾಡ್ಸು ಅಂದದ್ದು?” ಎಂದು ಅಕ್ಕ ಬಾಗಿಲಲ್ಲೇ ನಿಂತು ಅಣ್ಣನನ್ನು ಕೇಳಿದ ದಿನ ನನಗೆ ನೆನಪಿದೆ. ಅಣ್ಣ ನನ್ನ ಕಡೆ ಬೆರಳು ಮಾಡಿದ. ನಾನು ಫೋನ್ ನನ್ನ ಕೈಯಲ್ಲಿರಲೇ ಇಲ್ಲ ಎಂದೆ.

ಆಮೇಲೆ ಅಣ್ಣನ ಮಗಳ ಮದುವೆಯಾಯಿತು. ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ ಚಪ್ಪರದ ಅಂಚಿಗೆ ತಂದಿದ್ದರು. ಮದುಮಗಳನ್ನು ಕಂಡು ಅವಳು ನಕ್ಕಳು, ಅರ್ಧ ಮುಖದಲ್ಲಿ. ಆ ವಾರವಿಡೀ ಬಂದ ನೆಂಟರಿಗೆ ಅಣ್ಣ, “ನಾನೇ ಮಾಡ್ಸು ಅಂದೆ ಅವತ್ತು, ಚೀನಾದಿಂದ,” ಎಂದು ಹೇಳುವುದನ್ನು ಕೇಳಿದೆ. ಅಕ್ಕ ತನ್ನ ಗಂಡನ ಮನೆಯವರಿಗೆ ತಾನೇ ಹೇಳಿದ್ದೆಂದು ಹೇಳುತ್ತಿದ್ದಳು. ಅಂಕೋಲೆಯಲ್ಲಿ ಸ್ಟಾಫ್‌ರೂಮಿನಲ್ಲಿ ನಾನೂ ಹೇಳಿದೆ. ಹೇಳುವಾಗ ಸುಳ್ಳು ಅನಿಸಲಿಲ್ಲ.

ಅಣ್ಣ ಗುನಗನನ್ನು ಒಮ್ಮೆ ಕೇಳಿಯೇ ಕೇಳಿದ. ಗುಡಿಯ ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಎಲ್ಲ ಹೇಳಿದ. ಎಸಳು ಬಿದ್ದದ್ದು ಯಾವ ಬದಿ ಎಂದು ತೀರ್ಮಾನ ಹೇಳು ಎಂದ. ಗುನಗ ಎಲೆಯಡಿಕೆ ಉಗುಳಿ ಬಂದು ಹೇಳಿದ: “ಸಂಡಾಸದ ಗೋಡೆ ಮೇಲೆ ದೇವ್ರನ್ನ ಕೂರ್ಸ್ಕಂಡು ಈಗ ಬಲ ಎಡ ಕೇಳ್ತ್ರಾ? ಮೊದ್ಲು ಒಂದು ಕಾಯಿ ಒಡೀರಿ. ತಪ್ಪು ಕಾಣಿಕೆ ಹಾಕಿ.” ಅಣ್ಣ ಕಾಯಿ ಒಡೆದ. ತೀರ್ಮಾನ ಮಾತ್ರ ಸಿಗಲಿಲ್ಲ.

ಮಳೆ ಶುರುವಾಗಿ ದೋಣಿಗಳನ್ನು ದಡಕ್ಕೆ ಎಳೆದ ಮೇಲೆ ಆಯಿಗೆ ಎದೆಯಲ್ಲಿ ಕಫ ಕಟ್ಟಿತು. ಉಸಿರಿಗೆ ಕಷ್ಟಪಡುತ್ತಿದ್ದಳು. ನೋಡಲು ಬಂದ ಕಾರವಾರದ ಡಾಕ್ಟರು, ಮತ್ತೆ ದೊಡ್ಡ ಆಸ್ಪತ್ರೆಗೆ ಒಯ್ದು ಗಂಟಲಿಗೆ ನಳಿಕೆ ಹಾಕಿಸಿದರೆ ಇನ್ನಷ್ಟು ದಿನ ಇರಬಹುದು, ಅಷ್ಟೇ ಎಂದರು. ಅಕ್ಕನ ಗಂಡ, ನಮ್ಮ ಭಾವ, ಮುನ್ನೆಚ್ಚರಿಕೆಯಿಂದ ಆಂಬುಲೆನ್ಸ್ ಕರೆಸಿದ್ದ. ಅದು ಅಂಗಳದಲ್ಲಿ ಹಿಂಬಾಗಿಲು ತೆರೆದು ನಿಂತಿತ್ತು. ಮಧ್ಯಾಹ್ನದ ಹೊತ್ತು, ಮಳೆ ಸಣ್ಣಗಾಗಿತ್ತು.

ಅಕ್ಕ ಮಂಚದ ಎಡಕ್ಕೆ, ಅಣ್ಣ ಕಾಲಬುಡದಲ್ಲಿ, ನಾನು ಬಲಕ್ಕೆ ಗೋಡೆಗೆ ಒರಗಿ. ಅಣ್ಣ ನನ್ನನ್ನು ನೋಡಿದ.

“ತಮಾ, ಈಚೆಗೆ ಬಾ. ಈ ಸಲ ಎಲ್ರೂ ಒಂದೇ ಬದಿಗೆ ನಿಲ್ವ.”

ಹೋದೆ. ಮೂವರೂ ಅವಳ ಎಡಕ್ಕೆ, ಅವಳಿಗೆ ಕಾಣುವ ಬದಿಗೆ ನಿಂತೆವು. ಪ್ರಸಾದದ ಮಾತನ್ನು ಯಾರೂ ಎತ್ತಲಿಲ್ಲ. ಗುಡಿ ಮನೆಯಿಂದ ಕೂಗಳತೆಯಲ್ಲಿತ್ತು.

“ಆಯೀ,” ಎಂದ ಅಣ್ಣ, ಬಗ್ಗಿ. “ಆಸ್ಪತ್ರೆಗೆ ಹೋಗೂದಾ, ಬೇಡ್ವಾ?”

ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಎಡಗೈಯಿಂದ ಅಕ್ಕನ ಸೆರಗಿನ ತುದಿಯನ್ನು ಹಿಡಿದಳು. ಬಿಡಲಿಲ್ಲ. ಹೋಗೋಣ ಎಂದು ಹಿಡಿದಳೋ, ಇಲ್ಲೇ ಇರಲಿ ಎಂದು ಹಿಡಿದಳೋ, ಸುಮ್ಮನೆ ಕೈಗೆ ಸಿಕ್ಕಿತೆಂದು ಹಿಡಿದಳೋ. ನಾವು ಅದನ್ನು ಓದಲು ಹೋಗಲಿಲ್ಲ.

“ಬೇಡ,” ಎಂದ ಅಣ್ಣ. “ನಾ ಹೇಳ್ದೆ. ತಂಗೀ, ನೀ ಹೇಳು.”

“ಬೇಡ. ನಾನೂ ಹೇಳ್ದೆ.”

“ತಮಾ?”

“ಬೇಡ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. ವೈನಿ ಒಳಬಾಗಿಲಲ್ಲಿ ನಿಂತು ಕೇಳಿದಳು. ಭಾವ ಅಂಗಳಕ್ಕೆ ಇಳಿದು ಹೋಗಿ ಡ್ರೈವರಿಗೆ ಏನೋ ಹೇಳಿದ. ಆಂಬುಲೆನ್ಸಿನ ಬಾಗಿಲು ಮುಚ್ಚಿದ ಸದ್ದು ಬಂತು. ಕೆಸರಿನಲ್ಲಿ ಗಾಲಿ ಒಮ್ಮೆ ಇದ್ದಲ್ಲೇ ತಿರುಗಿ, ಆಮೇಲೆ ಹಿಡಿತ ಸಿಕ್ಕಿ ರಸ್ತೆಗೆ ಹತ್ತಿತು.

ಆಯಿ ಸೆರಗು ಹಿಡಿದುಕೊಂಡೇ ಇದ್ದಳು. ಅಕ್ಕ ಸಂಜೆಯವರೆಗೆ ಅಲ್ಲಿಂದ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಉಸಿರಿನ ಸದ್ದು ನಿಂತಿತು, ಹಿಡಿತ ಸಡಿಲಾಯಿತು.

ಬೇಡ ಎಂದು ಮೊದಲು ಹೇಳಿದ್ದು ಅಣ್ಣ ಎಂದು ಬರೆದಿದ್ದೇನೆ. ಅಕ್ಕ ಇರಬಹುದು. ನಾನೇ ಇರಬಹುದು, ಅವರಿಬ್ಬರಿಗಿಂತ ಮೊದಲು. ಆ ಮಧ್ಯಾಹ್ನವೂ ನನ್ನ ತಲೆಯಲ್ಲಿ ಈಗಾಗಲೇ ಜಾಗ ಬದಲಿಸಲು ಶುರು ಮಾಡಿದೆ. ಆದರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಯಾರನ್ನೂ ಕೇಳಿಲ್ಲ.